ಶಾಲೆ ಬಿಟ್ಟ ಮೇಲಿನ ಆಟವೂ ಊರಿನವರ ಹೊಣೆಯೂ

ದೇಹವು ಗಟ್ಟಿಯಾಗಿದ್ದರೆ ಮನಸ್ಸೂ ಗಟ್ಟಿಯಾಗಿರುವುದೆಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿಬಂದಿರುವೆವು. ಆದರೆ ಕೇಳಿದಂತೆ ನಡೆದಿರುವೆವೇ ಎಂದು ವಿಚಾರಿಸಿಕೊಂಡರೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಗಂಡುಮಕ್ಕಳ ವಿಷಯದಲ್ಲಿ ತಕ್ಕಮಟ್ಟಿಗೆ ನಡೆದಿರುವೆವು. ಹೆಣ್ಣುಮಕ್ಕಳ ವಿಷಯದಲ್ಲಿಯಾದರೋ, ಅವರಿಗೆ ಹನ್ನೊಂದು ಹನ್ನೆರಡು ವರ್ಷ ತುಂಬುವವರೆಗೆ ನಡೆದು ಅಲ್ಲಿಗೆ ನಿಲ್ಲಿಸಿಬಿಟ್ಟಿರುವೆವು. ಹೀಗೆ ನಿಂತುಹೋಗುವ ಆಟವನ್ನು ಮುಂದುವರಿಸುವುದು ಹೇಗೆ, ಅದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು, ಊರಿನ ಪಾಲೆಷ್ಟು ಎಂಬುದನ್ನು ಪಾಠರೂಪವಾದ ಈ ಲೇಖನದಲ್ಲಿ ವಿಚಾರಮಾಡಲು ಯತ್ನಿಸುವೆವು.

ಈ ಸಂಚಿಕೆಯನ್ನು ಓದುವವರಲ್ಲಿ ಬಹುಮಂದಿ ನಮ್ಮ ಹಳೆಯ ವಿದ್ಯಾರ್ಥಿನಿಯರು. ಉಳಿದವರು ಈಗ ಓದುತ್ತಿರುವ ಬಾಲಕಿಯರ ತಾಯ್ತಂದೆಗಳು. ಆದುದರಿಂದ ದೂರದ ಮಾತನ್ನು ಮೊದಲು ಎತ್ತದೆ, ನಮ್ಮ ಸೀಮೆಯ ಊರೊಂದನ್ನೇ ಮನಸ್ಸಿನಲ್ಲಿಟ್ಟುಕೊಳ್ಳೋಣ. ಅದು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ ಎಂದಿರಲಿ. ಈ ತಾಲ್ಲೂಕಿನ ಇತರ ಊರುಗಳಲ್ಲಿರುವಂತೆಯೇ ಅಲ್ಲಿಯೂ ಬೇಸಾಯವನ್ನು ನೆಚ್ಚಿಕೊಂಡ ಮನೆಗಳಿವೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಸಂಜೆಯಾಗುತ್ತಲೂ ಅವರಿಗಾಗಿ ಕಾಯುವ ಕೆಲಸಗಳೂ ಇವೆ. ಇಲ್ಲಿ ಹೇಳತಕ್ಕ ಮಾತು ಆ ಒಂದು ಊರಿಗೆ ಮಾತ್ರ ಸಲ್ಲುವುದಲ್ಲ. ಹರಿಹರ, ದಾವಣಗೆರೆಗಳ ಸುತ್ತಲಿನ ಯಾವ ಹಳ್ಳಿಗಾದರೂ, ಆ ಪಟ್ಟಣಗಳ ಯಾವ ಕೇರಿಗಾದರೂ ಸಲ್ಲುವುದು.

1. ಆಟ ನಿಲ್ಲುವ ವಯಸ್ಸು

ನಮ್ಮ ಹೆಣ್ಣುಮಕ್ಕಳಿಗೆ ಆಟ ಹೊಸದಲ್ಲ. ಕುಂಟೆಬಿಲ್ಲೆ, ಲಗೋರಿ, ಹಗ್ಗದಾಟ, ಕಣ್ಣಾಮುಚ್ಚಾಲೆ, ಜೂಟಾಟ ಇವುಗಳನ್ನು ಆಡದೆ ಬೆಳೆದ ಹುಡುಗಿಯು ಹಳ್ಳಿಯಲ್ಲಿ ಸಿಕ್ಕುವುದು ವಿರಳ. ನಾಲ್ಕನೆಯ ತರಗತಿಯ ಹುಡುಗಿಯು ಬೀದಿಯಲ್ಲಿ ಓಡಿದರೆ ಯಾರೂ ತಡೆಯರು. ಅದೇ ಹುಡುಗಿಯು ಆರನೆಯ ತರಗತಿಗೆ ಬಂದಳೆಂದರೆ ಒಬ್ಬೊಬ್ಬರಾಗಿ ಎಚ್ಚರಿಕೆ ಹೇಳತೊಡಗುವರು. ಏಳನೆಯ ತರಗತಿಯಲ್ಲಿ ಅವಳು ಬೀದಿಯನ್ನು ಬಿಟ್ಟು ಅಂಗಳಕ್ಕೆ ಬರುವಳು. ಎಂಟನೆಯ ತರಗತಿಯಲ್ಲಿ ಅಂಗಳವನ್ನು ಬಿಟ್ಟು ಹೊಸ್ತಿಲೊಳಗೆ ಬರುವಳು. ಮೈನೆರೆದ ಮೇಲಂತೂ ಆಟವೆಂಬುದು ತಮ್ಮಂದಿರದು, ಅವಳದಲ್ಲ ಎಂಬಂತಾಗುವುದು. ಯಾರೂ ಅವಳಿಗೆ ‘ಇನ್ನು ಆಡಬೇಡ’ ಎಂದು ಒಂದು ದಿನ ಕೂರಿಸಿಕೊಂಡು ಹೇಳಿರುವುದಿಲ್ಲ. ಆದರೂ ಆಟ ನಿಂತಿರುವುದು.

ಮಾಧ್ಯಮಿಕ ಶಾಲೆಯ ಈ ಮೂರು ವರ್ಷಗಳು, ಎಂದರೆ 6, 7 ಮತ್ತು 8ನೆಯ ತರಗತಿಗಳು, ದೇಹವು ಭರದಿಂದ ಬೆಳೆಯುವ ಕಾಲ. ಹುಡುಗಿಯರ ಮೂಳೆಗಳು ಜೀವಮಾನದಲ್ಲಿ ಗಳಿಸುವ ಗಟ್ಟಿತನದಲ್ಲಿ ಸುಮಾರು ನೂರಕ್ಕೆ 90 ಪಾಲು ಹದಿನೆಂಟು ವರ್ಷದೊಳಗೇ ಕೂಡಿಬರುವುದೆಂದು ವೈದ್ಯಶಾಸ್ತ್ರವು ಹೇಳುವುದು. ಓಡುವುದು, ಜಿಗಿಯುವುದು, ಭಾರ ಎತ್ತುವುದು ಇವುಗಳಿಂದ ಮೂಳೆ ಬಲಗೊಳ್ಳುವುದು. ಆ ಕಾಲವನ್ನು ಕಳೆದುಕೊಂಡರೆ ನಲವತ್ತೈದು ಐವತ್ತರ ವಯಸ್ಸಿನಲ್ಲಿ ಮೊಣಕಾಲು, ಸೊಂಟಗಳನ್ನು ಹಿಡಿದುಕೊಂಡು ಕೂರುವಾಗ ಪಶ್ಚಾತ್ತಾಪಪಟ್ಟು ಪ್ರಯೋಜನವಿಲ್ಲ.

ಇದು ನಮ್ಮೂರಿನ ಕೊರತೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತೆ ಮೈದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಮತ್ತೊಮ್ಮೆ ಹೇಳಿತು. ಅದೇ ಸಂಸ್ಥೆಯವರು 146 ದೇಶಗಳ ಮಕ್ಕಳನ್ನು ಕುರಿತು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 11ರಿಂದ 17 ವಯಸ್ಸಿನ ಹುಡುಗರಲ್ಲಿ ನೂರಕ್ಕೆ 78 ಮಂದಿಯೂ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಯೂ ಅಷ್ಟು ಆಡುವುದಿಲ್ಲವೆಂದು ಕಂಡುಬಂದಿತು. ಹುಡುಗರ ಸ್ಥಿತಿಯೇ ಚೆನ್ನಾಗಿಲ್ಲ. ಹುಡುಗಿಯರದು ಅದಕ್ಕಿಂತಲೂ ಕೆಳಗಿದೆ.

2. ಒಂದು ಸಂಜೆಯ ಲೆಕ್ಕ

ಹಾಗಾದರೆ ಹುಡುಗಿಯರನ್ನು ತಡೆಯುವುದೇನು? ಚೆಂಡಿಲ್ಲ, ಬಯಲಿಲ್ಲ, ಕಲಿಸುವವರಿಲ್ಲ ಎಂದು ನಾವು ಸಾಮಾನ್ಯವಾಗಿ ಹೇಳುವೆವು. ಇವು ಸುಳ್ಳಲ್ಲ. ಆದರೆ ಚೆಂಡು ಬಯಲು ಎರಡೂ ಇರುವ ಶಾಲೆಗಳಲ್ಲಿಯೂ ನಾಲ್ಕೂವರೆಯ ಮೇಲೆ ಆಡುತ್ತಿರುವವರು ಗಂಡುಹುಡುಗರೇ ಆಗಿರುವುದನ್ನು ಕಂಡಾಗ, ಬೇರೆಯೂ ಒಂದು ಕಾರಣವಿರಬೇಕೆಂದು ತೋರುವುದು. ತಾಯಂದಿರನ್ನು ಕೇಳಿದರೆ ಆ ಕಾರಣ ಒಡನೆಯೇ ಹೊರಬೀಳುವುದು. “ಆಡಾದು ಬ್ಯಾಡ ಅಂತ ನಾನೇನು ಅನ್ನಲ್ಲ ಟೀಚರಮ್ಮಾ. ಹೊತ್ತು ಮುಳುಗಿದ ಮ್ಯಾಲೆ ಹುಡುಗಿ ಒಬ್ಬಳೇ ಬರಾದು ಹೆಂಗೆ? ಬಂದ ಮ್ಯಾಲೆ ಮನೆ ಕೆಲಸ ಯಾರು ಮಾಡ್ಬೇಕು?” ನಮ್ಮ ಸೀಮೆಯ ತಾಯಿಯ ಮಾತು ಹೀಗಿರುವುದು. ಇದರಲ್ಲಿ ಎರಡು ಪ್ರಶ್ನೆಗಳಿವೆ: ಒಂದು ದಾರಿಯದು, ಇನ್ನೊಂದು ಹೊತ್ತಿನದು. ಎರಡೂ ನ್ಯಾಯವಾದ ಪ್ರಶ್ನೆಗಳು. ಎರಡಕ್ಕೂ ಉತ್ತರವನ್ನು ಕೊಡಬೇಕಾದುದು ನಮ್ಮ ಕರ್ತವ್ಯ.

ಮೊದಲು ಹೊತ್ತಿನ ಲೆಕ್ಕವನ್ನು ನೋಡೋಣ. ನಮ್ಮ ಸೀಮೆಯಲ್ಲಿ ಜೂನ್ ತಿಂಗಳ ಕೊನೆಗೆ ಸೂರ್ಯನು ಏಳು ಗಂಟೆಯ ಹತ್ತಿರ ಮುಳುಗುವನು. ನವೆಂಬರ್ ಕೊನೆಗೆ ಆರು ಗಂಟೆಗೆ ಐದಾರು ನಿಮಿಷ ಮೊದಲೇ ಮುಳುಗುವನು. ವರ್ಷದಲ್ಲಿ ಅತಿ ಕಡಿಮೆ ಬೆಳಕಿರುವ ಆ ನವೆಂಬರ್ ಸಂಜೆಯನ್ನೇ ತೆಗೆದುಕೊಳ್ಳಿ. ಶಾಲೆಯು 4 ಗಂಟೆ 20 ನಿಮಿಷಕ್ಕೆ ಬಿಡುವುದೆಂದು ಇಟ್ಟುಕೊಳ್ಳೋಣ. ಹತ್ತು ನಿಮಿಷ ನೀರು ಕುಡಿದು ಒಂದಿಷ್ಟು ತಿಂಡಿ ತಿನ್ನಲಿ. ನಾಲ್ಕೂವರೆಯಿಂದ 5 ಗಂಟೆ 20 ನಿಮಿಷದವರೆಗೆ ಐವತ್ತು ನಿಮಿಷ ಆಡಲಿ. ಐದು ನಿಮಿಷದಲ್ಲಿ ಕೈಕಾಲು ತೊಳೆದು ಚೀಲ ಹೆಗಲಿಗೇರಿಸಲಿ. ಮನೆಗೆ ಇಪ್ಪತ್ತು ನಿಮಿಷದ ನಡಿಗೆಯಿದ್ದರೆ ಸರಿಯಾಗಿ 5 ಗಂಟೆ 45 ನಿಮಿಷಕ್ಕೆ ಹುಡುಗಿಯು ಹೊಸ್ತಿಲ ಮೇಲಿರುವಳು. ಸೂರ್ಯನಿನ್ನೂ ಮುಳುಗಿರುವುದಿಲ್ಲ. ವರ್ಷದ ಅತಿ ಚಿಕ್ಕ ಸಂಜೆಯಲ್ಲಿಯೇ ಸಾಧ್ಯವಾದುದು ಉಳಿದ ಸಂಜೆಗಳಲ್ಲಿ ಇನ್ನೂ ಸುಲಭ. ಆಟಕ್ಕೆ ಹೊತ್ತೇ ಇಲ್ಲವೆಂಬ ಮಾತು ಗಡಿಯಾರದ ಮುಂದೆ ನಿಲ್ಲುವುದಿಲ್ಲ.

ಆದರೆ ಮನೆಯ ಲೆಕ್ಕ ಬೇರೆ. ಆಡದೆ ಬಂದಿದ್ದರೆ ಅದೇ ಹುಡುಗಿಯು 4 ಗಂಟೆ 40 ನಿಮಿಷಕ್ಕೆ ಮನೆ ಸೇರಿ ನೀರು ತುಂಬುತ್ತಿದ್ದಳು, ಮಧ್ಯಾಹ್ನದ ಮುಸುರೆಯನ್ನು ತೊಳೆಯುತ್ತಿದ್ದಳು, ತಂಗಿಯನ್ನು ಎತ್ತಿಕೊಳ್ಳುತ್ತಿದ್ದಳು, ದನಕ್ಕೆ ಹುಲ್ಲು ಹಾಕುತ್ತಿದ್ದಳು. ಆಡಿ ಬಂದರೆ ಮನೆಗೆ ಒಂದು ಗಂಟೆಯ ಕೆಲಸ ತಪ್ಪುವುದು. ವಾರಕ್ಕೆ ಮೂರು ದಿನ ಆಡಿದರೆ ಮೂರು ಗಂಟೆ ತಪ್ಪುವುದು. ನಾಟಿಯ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ತಾಯಿಯು ಗದ್ದೆಯಿಂದ ಬೆನ್ನು ಬಗ್ಗಿಸಿಕೊಂಡು ಬರುವಾಗ ಆ ಮೂರು ಗಂಟೆಗಳು ಸಣ್ಣವಲ್ಲ. ಹುಡುಗಿಯರ ಆಟದ ಪ್ರಶ್ನೆಯೆಲ್ಲವೂ ಕೊನೆಗೆ ಇಲ್ಲಿಗೆ ಬಂದು ನಿಲ್ಲುವುದೆಂದು ನಮ್ಮ ಅಭಿಪ್ರಾಯ: ವಾರದ ಆ ಮೂರು ಗಂಟೆಯ ಕೆಲಸವನ್ನು ಯಾರು ಹೊರುವರು? ಅಣ್ಣತಮ್ಮಂದಿರು ಒಂದು ಗಂಟೆ, ತಂದೆ ಒಂದು ಗಂಟೆ, ಅಜ್ಜಿಯೋ ಅತ್ತೆಯೋ ಒಂದು ಗಂಟೆ ಹೊತ್ತರೆ ಮುಗಿದುಹೋಯಿತು. ಗಂಡುಹುಡುಗನು ಒಂದು ಕೊಡ ನೀರು ತಂದುದರಿಂದ ಮನೆತನಕ್ಕೆ ಕುಂದು ಬಂದುದನ್ನು ನಾವಾರೂ ಕಂಡಿಲ್ಲ.

3. ಊರು ಮೊದಲೇ ಬಲ್ಲ ವಿದ್ಯೆ

ಆಟಕ್ಕಾಗಿ ಊರೆಲ್ಲ ಕೂಡಿ ಕೈಜೋಡಿಸುವುದು ನಮ್ಮವರಿಗೆ ಪರದೇಶದಿಂದ ಬರಬೇಕಾದ ವಿದ್ಯೆಯಲ್ಲ. ಗರಡಿಮನೆಯನ್ನು ನೆನೆಯಿರಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನಗಳನ್ನು ಬೆರಸಿ ಅಖಾಡವನ್ನು ಹದಮಾಡುವ ಖರ್ಚನ್ನು ಹೊತ್ತವರು ಯಾರು? ಪೈಲ್ವಾನನಾಗುವ ಹುಡುಗನಿಗೆ ಹಾಲು, ತುಪ್ಪ, ಬಾದಾಮಿಗಳನ್ನು ಕೊಟ್ಟವರು ಯಾರು? ಮನೆಯವರೊಂದಿಗೆ ಕೇರಿಯವರೂ ಅನುಕೂಲಸ್ಥರೂ ಕೂಡಿಯೇ ಕೊಟ್ಟರು. ವಸ್ತಾದರು ಸಂಬಳದ ಲೆಕ್ಕ ಹಿಡಿಯದೆ ಕಲಿಸಿದರು. ದಾವಣಗೆರೆಯ ನಗರದೇವತೆಯಾದ ದುರ್ಗಾಂಬಿಕಾ ದೇವಿಯ ಜಾತ್ರೆಯಲ್ಲಿ ಬಯಲು ಕುಸ್ತಿ ನಡೆಯುವಾಗ ಸುತ್ತಲಿನ ಹಳ್ಳಿಗಳ ಜನರು ಬಂದು ಸೇರುವುದನ್ನು ನೀವು ಕಂಡಿರುವಿರಿ. ಗೆದ್ದವನಿಗೆ ಬೆಳ್ಳಿಯ ಗದೆಯನ್ನೋ ಕಡಗವನ್ನೋ ಕೊಡುವುದು, ಹೆಗಲಮೇಲೆ ಹೊತ್ತು ಮೆರೆಸುವುದು ನಮ್ಮ ರೂಢಿ.

ಹೀಗೆ ಒಂದು ಊರು ಆಟವನ್ನು ಸಾಕಲು ಬೇಕಾದ ನಾಲ್ಕು ಅಂಗಗಳೂ ಗರಡಿಯಲ್ಲಿದ್ದುವು: ಜಾಗ, ಗುರು, ಆಹಾರ, ಮರ್ಯಾದೆ. ಇವುಗಳಲ್ಲಿ ಮರ್ಯಾದೆಯೇ ಮುಖ್ಯವಾದುದು. ಗರಡಿಗೆ ಹೋಗುವ ಹುಡುಗನನ್ನು ನೋಡಿ ಊರವರು ‘ಒಳ್ಳೆಯ ದಾರಿ ಹಿಡಿದ’ ಎಂದರು. ಆದುದರಿಂದ ಅವನ ತಾಯಿಯು ಅವನನ್ನು ನಿರಾತಂಕವಾಗಿ ಕಳುಹಿದಳು. ಖೋ-ಖೋ ಆಡಲು ಹೋಗುವ ಹುಡುಗಿಯನ್ನು ನೋಡಿಯೂ ಊರವರು ಅದೇ ಮಾತನ್ನು ಆಡಿದ ದಿನ, ಅವಳ ತಾಯಿಯೂ ನಿರಾತಂಕವಾಗಿ ಕಳುಹುವಳು. ಇದಕ್ಕೆ ದುಡ್ಡು ಬೇಕಾಗಿಲ್ಲ.

4. ಕೆಲವು ದೃಷ್ಟಾಂತಗಳು

ಹಳ್ಳಿಯ ಹುಡುಗಿಯರು ಆಡಿ ಎಲ್ಲಿಗೆ ಮುಟ್ಟುವರು ಎಂದು ಕೇಳುವವರಿಗೆ ನಮ್ಮ ನಾಡಿನಲ್ಲಿಯೇ ಉತ್ತರಗಳಿವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಪಂದ್ಯಗಳು ನಡೆದುವು. ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳದವರನ್ನು 78-40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಚೈತ್ರಾ ಅವರಿದ್ದರು. ಅವರು ಕೃಷಿಕರ ಮನೆಯ ಮಗಳು. ಆಟವನ್ನು ಕಲಿತುದು ತಮ್ಮ ಊರಿನಲ್ಲಿ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿಯೇ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರೂ ಬೇಸಾಯದ ಮನೆಯಿಂದಲೇ ಬಂದವರು. 2010ರಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ ಕಬಡ್ಡಿಯನ್ನು ಮೊದಲ ಬಾರಿಗೆ ಸೇರಿಸಿದಾಗ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು, 2014ರಲ್ಲಿಯೂ ಇದ್ದರು, ಆ ವರ್ಷವೇ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು.

ಆದರೆ ಇಂಥವರ ಹೆಸರುಗಳನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು. ಎಲ್ಲ ಹುಡುಗಿಯರೂ ಚಿನ್ನ ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಶಾಲೆಗಳಲ್ಲಿ ನಾವು ಮಾಡುವ ದೊಡ್ಡ ತಪ್ಪೆಂದರೆ, ಹೋಬಳಿ ಮಟ್ಟದ ಪಂದ್ಯಕ್ಕೆಂದು ಹನ್ನೆರಡು ಮಂದಿ ಚುರುಕಾದವರನ್ನು ಆರಿಸಿ, ಉಳಿದ ನಲವತ್ತು ಮಂದಿಯನ್ನು ಚಪ್ಪಾಳೆ ತಟ್ಟಲು ಕೂರಿಸುವುದು. ಸಂಜೆಯ ಆಟವಿರುವುದು ಆ ನಲವತ್ತು ಮಂದಿಗಾಗಿ. ಅವರಲ್ಲಿ ದಪ್ಪಗಿರುವವರು, ನಾಚುವವರು, ಓಡಿದರೆ ಏದುಸಿರು ಬಿಡುವವರು, ಒಂದು ಕಾಲು ಸ್ವಲ್ಪ ಕುಂಟುವವರು ಎಲ್ಲರೂ ಇರುವರು.

ಹೊರದೇಶದ ಒಂದು ನಿದರ್ಶನವೂ ಗಮನಿಸತಕ್ಕದ್ದು. ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು ಅಮೆರಿಕದಲ್ಲಿ 1972ರಲ್ಲಿ ಒಂದು ಕಾನೂನಾಯಿತು. ಅದಕ್ಕೆ ಹಿಂದಿನ ವರ್ಷ ಆ ದೇಶದ ಹೈಸ್ಕೂಲುಗಳ ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರ ಸಂಖ್ಯೆ 3 ಲಕ್ಷಕ್ಕೂ ಕಡಿಮೆಯಿತ್ತು. 2018-19ರ ಹೊತ್ತಿಗೆ ಅದು 34 ಲಕ್ಷವಾಗಿತ್ತು. ಹುಡುಗಿಯರಿಗೆ ಆಟದಲ್ಲಿ ಆಸೆಯಿಲ್ಲವೆಂದು ಹಿಂದೆ ಹೇಳುತ್ತಿದ್ದವರು ಈ ಅಂಕಿಗಳನ್ನು ನೋಡಬೇಕು. ಅಂಗಳದ ಬಾಗಿಲನ್ನು ತೆರೆದಾಗ ಆಸೆಯು ತಾನಾಗಿಯೇ ಹೊರಗೆ ಬಂದಿತು.

5. ಯಾವ ಆಟ, ಎಷ್ಟು ಜಾಗ

ಕಡಿಮೆ ಖರ್ಚಿನಲ್ಲಿ ಹೆಚ್ಚು ಮಂದಿ ಆಡಬಹುದಾದ ಆಟವನ್ನು ಆರಿಸಿಕೊಳ್ಳುವುದು ಬುದ್ಧಿವಂತಿಕೆ. ಖೋ-ಖೋಗೆ 27 ಮೀಟರು ಉದ್ದ, 16 ಮೀಟರು ಅಗಲದ ಕಣ ಮತ್ತು ಎರಡು ಕಂಬಗಳು ಸಾಕು. ಚೆಂಡೂ ಬೇಡ, ಬಲೆಯೂ ಬೇಡ. ರೂಢಿಯ ನಿಯಮದಂತೆ ಪಕ್ಷಕ್ಕೆ 12 ಮಂದಿ. ಅವರಲ್ಲಿ ಅಟ್ಟುವ ಪಕ್ಷದ 9 ಮಂದಿ ಕಣಕ್ಕಿಳಿಯುವರು, 8 ಮಂದಿ ಸಾಲಾಗಿ ಕೂರುವರು, ಒಬ್ಬಳು ಅಟ್ಟುವಳು. ಕುಳಿತವಳ ಬೆನ್ನಿಗೆ ಕೈಮುಟ್ಟಿಸಿ ‘ಖೋ’ ಎಂದೊಡನೆ ಅವಳು ಏಳಬೇಕು. ಕುಳಿತಿದ್ದರೂ ಕಣ್ಣು ಕಿವಿಗಳು ಎಚ್ಚರವಾಗಿರಬೇಕು. ಇದಕ್ಕಿಂತ ಚೆನ್ನಾಗಿ ಒಗ್ಗಟ್ಟನ್ನು ಕಲಿಸುವ ಪಾಠವು ಪುಸ್ತಕದಲ್ಲಿ ಇಲ್ಲ. ಮಹಿಳೆಯರ ಕಬಡ್ಡಿಗೆ 12 ಮೀಟರು ಉದ್ದ, 8 ಮೀಟರು ಅಗಲದ ಮೆತ್ತನೆಯ ನೆಲ ಸಾಕು. ಮಣ್ಣನ್ನು ಅಗೆದು ಕಲ್ಲು ಆರಿಸಿ ಕೊಡುವುದು ಊರಿನ ಯುವಕರಿಗೆ ಒಂದು ಭಾನುವಾರದ ಕೆಲಸ.

ಥ್ರೋಬಾಲ್ ನಿಮ್ಮಲ್ಲಿ ಅನೇಕರು ಆಡಿದ ಆಟ. ಒಂದು ಬಲೆ, ಒಂದು ಚೆಂಡು, ಎರಡು ಕಂಬಗಳಿಂದ ಅದು ನಡೆಯುವುದು. ನಮ್ಮ ಹಳ್ಳಿಗಳಲ್ಲಿ ಯುವಕರು ಸಂಜೆ ಆಡುವ ವಾಲಿಬಾಲ್ 1895ರಲ್ಲಿ ಅಮೆರಿಕದಲ್ಲಿ ಹುಟ್ಟಿ, ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ ನಮ್ಮ ದೇಶಕ್ಕೆ ಬಂದಿತು. ಅದೇ ಸಂಸ್ಥೆಯ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. ಬ್ಯಾಸ್ಕೆಟ್‌ಬಾಲ್ 1891ರಲ್ಲಿ ಗಂಡಸರಿಗಾಗಿ ಹುಟ್ಟಿದ ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಉಪಾಧ್ಯಾಯಿನಿಯು ಅದರ ನಿಯಮಗಳನ್ನು ಬದಲಿಸಿ ತನ್ನ ಕಾಲೇಜಿನ ಹುಡುಗಿಯರಿಗೆ ಕಲಿಸಿದಳು. ಆಟದ ನಿಯಮವೆಂಬುದು ಕಲ್ಲಿನ ಮೇಲಿನ ಶಾಸನವಲ್ಲ. ಜಾಗ ಚಿಕ್ಕದಾದರೆ ಕಣವನ್ನು ಚಿಕ್ಕದು ಮಾಡಿಕೊಳ್ಳಲಿ. ಬಲೆಯಿಲ್ಲದಿದ್ದರೆ ಹಗ್ಗವನ್ನು ಕಟ್ಟಲಿ.

6. ಊರಿನವರು ಮಾಡತಕ್ಕದ್ದು

ಇನ್ನು ಕಾರ್ಯದ ಮಾತಿಗೆ ಬರೋಣ. ಕಡರನಾಯಕನಹಳ್ಳಿಯಂಥ ಊರಿನಲ್ಲಿ ಮುಂದಿನ ಶಾಲಾವರ್ಷದಿಂದ ಇದನ್ನು ತೊಡಗಿಸಬೇಕಾದರೆ ಈ ಕೆಳಗಿನ ಏರ್ಪಾಡುಗಳು ಬೇಕಾಗುವುವು.

ಮೊದಲನೆಯದು, ದಾರಿ. ಹುಡುಗಿಯರು ಒಬ್ಬೊಬ್ಬರಾಗಿ ಹೋಗದೆ ಕೇರಿಗೊಂದು ಗುಂಪಾಗಿ ಹಿಂದಿರುಗಬೇಕು. ಪ್ರತಿ ಗುಂಪಿನೊಡನೆ ಆ ಕೇರಿಯ ಒಬ್ಬ ತಾಯಿಯೋ ಅಕ್ಕನೋ ಸರದಿಯಂತೆ ಬರಬೇಕು. ಹತ್ತು ತಾಯಂದಿರಿದ್ದರೆ ಒಬ್ಬೊಬ್ಬರ ಸರದಿಯು ಹತ್ತು ಆಟದ ದಿನಗಳಿಗೊಮ್ಮೆ, ಎಂದರೆ ತಿಂಗಳಿಗೆ ಹೆಚ್ಚೆಂದರೆ ಎರಡು ಸಲ ಬರುವುದು. ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಓದುವವರಿಗೆ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಖರ್ಚಿನ ಚಿಂತೆ ತಪ್ಪಿತು. ಬಸ್ಸಿನ ಹೊತ್ತಿನ ಚಿಂತೆ ತಪ್ಪಲಿಲ್ಲ. ಆದುದರಿಂದ ಆಟದ ವೇಳೆಯನ್ನು ಬಸ್ಸಿನ ವೇಳೆಗೆ ಹೊಂದಿಸತಕ್ಕದ್ದು. ದಾರಿಯ ಕತ್ತಲೆಯ ತಿರುವುಗಳಲ್ಲಿ ದೀಪ ಹಾಕಿಸುವುದು ಗ್ರಾಮಪಂಚಾಯಿತಿಯ ಕೆಲಸ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರು ತಾವೇ ಎದ್ದು ನಿಂತು ಈ ದೀಪವನ್ನು ಕೇಳಲಿ.

ಎರಡನೆಯದು, ಜಾಗ. ಸುಗ್ಗಿಯ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಶಾಲೆಯ ಬಯಲಿನ ಮೇಲೆ ಮೆಕ್ಕೆಜೋಳವನ್ನೋ ಬತ್ತವನ್ನೋ ಹರವುವುದುಂಟು. ಉಳಿದ ದಿನಗಳಲ್ಲಿ ದೊಡ್ಡ ಹುಡುಗರು ಕ್ರಿಕೆಟ್ ಆಡಿ ಬಯಲೆಲ್ಲವನ್ನೂ ತುಂಬುವರು. ರೈತನ ಕಾಳು ಒಣಗಬೇಕು, ಹುಡುಗರೂ ಆಡಬೇಕು, ನಿಜ. ವಾರದಲ್ಲಿ ಮೂರು ಸಂಜೆ ಐವತ್ತು ನಿಮಿಷ ಬಯಲು ಹುಡುಗಿಯರದೆಂದು ಊರಿನ ಹಿರಿಯರು ಒಮ್ಮೆ ಗೊತ್ತುಮಾಡಿದರೆ ಜಗಳಕ್ಕೆ ಎಡೆಯಿರುವುದಿಲ್ಲ. ಶಾಲೆಗೆ ಆಟದ ಬಯಲಿರಬೇಕೆಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆಯೇ ಹೇಳುವುದು. 6ರಿಂದ 8ನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರೊಬ್ಬರು ಇರಬೇಕೆಂದೂ, ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯ್ತಂದೆಗಳೂ ಅರ್ಧದಷ್ಟು ಹೆಂಗಸರೂ ಇರಬೇಕೆಂದೂ ಅದರಲ್ಲಿದೆ. ಹೀಗಿರಲು ಸಮಿತಿಯ ಸಭೆಯಲ್ಲಿ ತಾಯಂದಿರು ಸುಮ್ಮನೆ ಕೂತು ರುಜು ಹಾಕಿ ಬರುವುದು ತಕ್ಕದ್ದಲ್ಲ. ಆಟದ ಮಾತನ್ನು ಎತ್ತಬೇಕು.

ಮೂರನೆಯದು, ಆಹಾರ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಮಧ್ಯಾಹ್ನ ಉಂಡು ಸಂಜೆಯವರೆಗೆ ಬರಿಹೊಟ್ಟೆಯಲ್ಲಿರುವ ಹುಡುಗಿಯನ್ನು ಓಡಿಸಿದರೆ ತಲೆ ತಿರುಗಿ ಬೀಳುವಳು. ಆಮೇಲೆ ದೂರು ಆಟದ ಮೇಲೆ ಬರುವುದು. ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ, ಸ್ವಲ್ಪ ಮಂಡಕ್ಕಿ, ಒಂದು ಲೋಟ ನೀರು ಇಷ್ಟಾದರೂ ಮೊದಲು ಸಿಕ್ಕಬೇಕು. ಶೇಂಗಾ ಬೆಳೆದವರು ಶೇಂಗಾ ಕೊಡಲಿ; ಅಂಗಡಿಯವರು ಬೆಲ್ಲ ಕೊಡಲಿ. ತೀರ ಸುಸ್ತಾಗುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು.

ನಾಲ್ಕನೆಯದು, ಕಾವಲು ಮತ್ತು ಮರ್ಯಾದೆ. ಆಟ ನಡೆಯುವಷ್ಟು ಹೊತ್ತೂ ಇಬ್ಬರು ದೊಡ್ಡವರಿರಬೇಕು. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಯಾವ ಹುಡುಗಿಯನ್ನೂ ಕಲಿಸುವವರೊಬ್ಬರ ಜತೆ ಒಂಟಿಯಾಗಿ ಬಿಡಕೂಡದು. ಬಾಗಿಲಿಗೆ ಅಗಣಿಯಿರುವ, ನೀರಿರುವ ಶೌಚಾಲಯವು ಸಂಜೆಯೂ ತೆರೆದಿರಬೇಕು. ಬೀಗದ ಕೈ ಯಾರಲ್ಲಿದೆಯೆಂದು ಎಲ್ಲರಿಗೂ ತಿಳಿದಿರಬೇಕು. ತಿಂಗಳ ದಿನಗಳಲ್ಲಿ ಆಡಬಲ್ಲವಳು ಆಡಲಿ, ಒಲ್ಲದವಳು ಕಾರಣ ಹೇಳದೆ ಕುಳಿತು ಅಂಕ ಬರೆಯಲಿ. ಉಡುಪು ಮೈತುಂಬ ಇದ್ದು ಓಡಲು ಅನುಕೂಲವಾಗಿದ್ದರೆ ಸಾಕು. ಉಳುಕಿದ ಕಾಲಿಗೆ ತಣ್ಣೀರ ಬಟ್ಟೆ, ತರಚಿದ ಗಾಯಕ್ಕೆ ಸೋಪು ನೀರು, ಒಂದು ಚೊಕ್ಕ ಬ್ಯಾಂಡೇಜು ಇವು ಪೆಟ್ಟಿಗೆಯಲ್ಲಿರಲಿ.

ಐದನೆಯದು, ಲೆಕ್ಕ. ಬಂದ ದುಡ್ಡು, ಕಾಳು, ಚೆಂಡು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಬೇಕು. ಎಷ್ಟು ಹುಡುಗಿಯರು ಬಂದರು, ಯಾರು ಬರುವುದನ್ನು ಬಿಟ್ಟರು, ಏಕೆ ಬಿಟ್ಟರು ಎಂಬುದನ್ನೂ ಅದರಲ್ಲಿಯೇ ಬರೆಯಬೇಕು. ಬಿಟ್ಟವಳ ಮನೆಗೆ ವಾರದೊಳಗೆ ಒಬ್ಬರು ಹೋಗಿ ವಿಚಾರಿಸಬೇಕು. ಹುಡುಗಿಯ ಮದುವೆಯ ಮಾತು, ಶಾಲೆ ಬಿಡಿಸುವ ಮಾತು ಎದ್ದಿದ್ದರೆ ಅದು ಊರಿಗೆ ಮೊದಲು ತಿಳಿದುಬರುವುದು ಹಲವು ವೇಳೆ ಹೀಗೆಯೇ.

7. ಕೆಲವು ಆಕ್ಷೇಪಣೆಗಳು

ಆಡಿದರೆ ಓದು ಕೆಡುವುದೆಂದು ಹೇಳುವರು. ದಿನವೂ ಮೈದಣಿದ ಮಗುವಿಗೆ ನಿದ್ರೆ ಚೆನ್ನಾಗಿ ಬರುವುದು, ಓದಿದುದರಲ್ಲಿ ಗಮನ ನಿಲ್ಲುವುದು. ಕಲಿಕೆಗೆ ಇದು ಸಹಾಯಕವೆಂದೇ ಮೇಲೆ ಹೇಳಿದ ಆರೋಗ್ಯ ಸಂಸ್ಥೆಯೂ ತಿಳಿಸಿದೆ. ವಾರಕ್ಕೆ ಎರಡೂವರೆ ಗಂಟೆಯ ಆಟದಿಂದ ಪರೀಕ್ಷೆಯು ತಪ್ಪುವುದಿಲ್ಲ. ಅದಕ್ಕಿಂತ ಹೆಚ್ಚು ಹೊತ್ತನ್ನು ಮೊಬೈಲ್ ಫೋನು ನುಂಗುವುದನ್ನು ನಾವೆಲ್ಲರೂ ಕಾಣುತ್ತಿರುವೆವು. ಹೆಣ್ಣುಮಕ್ಕಳು ಹೊಲ ಮನೆಗಳಲ್ಲಿ ದುಡಿಯುವುದೇ ವ್ಯಾಯಾಮವಲ್ಲವೇ ಎಂದು ಇನ್ನು ಕೆಲವರು ಕೇಳುವರು. ದುಡಿಮೆಯಲ್ಲಿ ಮೈ ದಣಿಯುವುದು ಸರಿ; ಆದರೆ ಅಲ್ಲಿ ನಗುವಿಲ್ಲ, ಜತೆಗಾರ್ತಿಯರಿಲ್ಲ, ಸೋತು ಮತ್ತೆ ಎದ್ದು ಗೆಲ್ಲುವ ಅಭ್ಯಾಸವಿಲ್ಲ. ಗಂಡುಮಗನೂ ಹೊಲದಲ್ಲಿ ದುಡಿಯುವನು. ಆದರೂ ಅವನ ಆಟವನ್ನು ಯಾರೂ ಬೇಡವೆನ್ನರು.

ಜನರು ಏನೆನ್ನುವರೋ ಎಂಬುದು ಕೊನೆಯ ಆಕ್ಷೇಪಣೆ. ಇದಕ್ಕೆ ಉತ್ತರ ಸುಲಭ: ಆ ಜನರೆಂದರೆ ನಾವೇ. ಸರ್ಕಾರವು 2006-07ರಿಂದ ಎಂಟನೆಯ ತರಗತಿಯ ಹುಡುಗಿಯರಿಗೆ ಬೈಸಿಕಲ್ ಕೊಡತೊಡಗಿದಾಗಲೂ ಹೆಣ್ಣುಮಕ್ಕಳು ಸೈಕಲ್ ತುಳಿಯುವುದೇ ಎಂದವರಿದ್ದರು. ಹುಡುಗಿಯರು ಹತ್ತಾರು ಮಂದಿಯಾಗಿ ಒಂದೇ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಹೋದ ಮೇಲೆ ಆ ಮಾತು ತಾನಾಗಿ ಅಡಗಿತು.

8. ಹಳೆಯ ವಿದ್ಯಾರ್ಥಿನಿಯರಿಗೆ

ನಮ್ಮ ಶಾಲೆಯ ಅಂಗಳದಲ್ಲಿ ಲಂಗ ಎತ್ತಿಕಟ್ಟಿ ಓಡಿದ ನೀವು ಇಂದು ಉಪಾಧ್ಯಾಯಿನಿಯರು, ದಾದಿಯರು, ಬ್ಯಾಂಕಿನ ನೌಕರರು, ಗೃಹಿಣಿಯರು ಆಗಿರುವಿರಿ. ನಿಮ್ಮಲ್ಲಿ ಅನೇಕರು ಹರಿಹರ ದಾವಣಗೆರೆಗಳಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ವಾಸಿಸುತ್ತಿರುವಿರಿ. ಚೆಂಡಿಗೆ ಚಂದಾ ಕೊಟ್ಟರೆ ಸಂತೋಷ. ಆದರೆ ನಿಮ್ಮಿಂದ ನಾವು ಬೇಡುವುದು ಅದಕ್ಕಿಂತ ಬೆಲೆಯುಳ್ಳದ್ದು: ತಿಂಗಳಿಗೆ ಎರಡು ಸಂಜೆ. ನಿಮ್ಮ ಹತ್ತಿರದ ಶಾಲೆಯ ಬಯಲಿಗೆ ಬಂದು ನಿಂತರೆ ಸಾಕು. ಖೋ-ಖೋದ ನಿಯಮ ಮರೆತಿದ್ದರೆ ಹುಡುಗಿಯರೇ ನೆನಪು ಮಾಡಿಕೊಡುವರು. ಓದಿ ಕೆಲಸದಲ್ಲಿರುವ ಹೆಂಗಸೊಬ್ಬಳು ಬಯಲಿನಲ್ಲಿ ನಿಂತಿರುವುದನ್ನು ಕಂಡ ತಾಯಿಯು ಮಗಳನ್ನು ಕಳುಹಲು ಅಂಜುವುದಿಲ್ಲ.

ತಾಯ್ತಂದೆಗಳು ಈ ಪ್ರಶ್ನೆಗಳನ್ನು ಮನೆಯಲ್ಲಿ ಒಟ್ಟಿಗೆ ಕುಳಿತು ವಿಚಾರಮಾಡಬೇಕೆಂದು ಕೋರುವೆವು:

1. ನಮ್ಮ ಮಗಳು ಕಡೆಯ ಸಲ ಮನಸಾರೆ ಓಡಿ ಆಡಿದುದು ಯಾವಾಗ?
2. ಶಾಲೆ ಬಿಟ್ಟ ಮೇಲೆ ಅವಳು ಮಾಡುವ ಕೆಲಸಗಳಲ್ಲಿ ಯಾವುದನ್ನು ಅವಳ ಅಣ್ಣತಮ್ಮಂದಿರು ಮಾಡಬಲ್ಲರು?
3. ಅವಳು ಹಿಂದಿರುಗುವ ದಾರಿಯಲ್ಲಿ ಹೆದರಿಕೆಯಾಗುವ ಜಾಗ ಯಾವುದು? ಅದನ್ನು ಸರಿಪಡಿಸುವವರು ಯಾರು?
4. ಕೇರಿಯ ಸರದಿಯಲ್ಲಿ ನಮ್ಮ ಮನೆಯಿಂದ ಯಾರು ಹೋಗುವರು?

ಈ ನಾಲ್ಕಕ್ಕೂ ಉತ್ತರ ದೊರೆತ ಮನೆಯ ಹುಡುಗಿಯು ಮರುದಿನವೇ ಬಯಲಿಗೆ ಬರಬಹುದು. ಇಂಥ ಮನೆಗಳು ಹತ್ತಾದರೆ ಒಂದು ತಂಡ, ಇಪ್ಪತ್ತಾದರೆ ಒಂದು ಪಂದ್ಯ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಪಂದ್ಯವೊಂದರ ವರದಿಯನ್ನು ಬರೆಯುವ ಭಾಗ್ಯವು ನಮಗೆ ದೊರೆಯಲೆಂದು ಹಾರೈಸಿ ಈ ಪಾಠವನ್ನು ಮುಗಿಸುವೆವು.